ಬರಿಗಾಲಿನ ಅಹ್ಮದ್ ಖಾನ್ ಮತ್ತು ನಮ್ಮೂರಿನ ಬೂಟಿನ ಚೀಲ

ಒಂದು ಸಣ್ಣ ಕ್ವಿಜ್‌ನಿಂದ ಶುರು ಮಾಡೋಣ. ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಭಾರತಕ್ಕೆ ಮೊದಲ ಗೋಲು ತಂದುಕೊಟ್ಟವರು ಯಾರು? ಗೊತ್ತಿಲ್ವಾ? ಹೋಗಲಿ, ಎರಡನೇ ಗೋಲು? ಅದೂ ಗೊತ್ತಿಲ್ಲ ಅಂದರೆ ಬೇಜಾರು ಮಾಡಿಕೊಳ್ಳಬೇಡಿ. ಗೋಣಿಬೀಡಿನ ನಮ್ಮ ಗೆಳೆಯರ ಗುಂಪಿನಲ್ಲಿ ಇದೇ ಪ್ರಶ್ನೆ ಕೇಳಿದಾಗ ಒಬ್ಬ ಸುನಿಲ್ ಚೆಟ್ರಿ ಎಂದ, ಇನ್ನೊಬ್ಬ ಬೈಚುಂಗ್ ಭುಟಿಯಾ ಎಂದ, ಮೂರನೆಯವ ‘ಭಾರತ ಒಲಿಂಪಿಕ್ಸ್‌ನಲ್ಲಿ ಫುಟ್‌ಬಾಲ್ ಬೇರೆ ಆಡಿದೆಯಾ?’ ಎಂದು ನಕ್ಕ.

ಆಡಿದೆ. ಮೊದಲ ಗೋಲು 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸಾರಂಗಪಾಣಿ ರಾಮನ್ ಹೊಡೆದದ್ದು. ಎರಡನೆಯದು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಅಹ್ಮದ್ ಖಾನ್ ಹೊಡೆದದ್ದು. ಇಬ್ಬರೂ ಆಗಿನ ಮೈಸೂರು ತಂಡದ ಕಡೆಯವರು. ಅಂದರೆ ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಎರಡು ಗೋಲುಗಳ ಲೆಕ್ಕ ನಮ್ಮ ರಾಜ್ಯದ ಖಾತೆಯಲ್ಲೇ ಇದೆ. ಅವರಲ್ಲಿ ನನ್ನನ್ನು ಹೆಚ್ಚು ಕಾಡಿದವರು ಅಹ್ಮದ್ ಖಾನ್. ಕಾರಣ ಅವರ ಬರಿಗಾಲು.

ಹುಡುಗ ಕೇಳಿದ ಪ್ರಶ್ನೆ

ಡಿಗ್ರಿ ಮುಗಿಸಿ ಮನೆಯಲ್ಲೇ ಇರುವ ನಾನು ತೋಟದ ಕೆಲಸ ಮುಗಿದ ಮೇಲೆ ಸಂಜೆ ಹೊತ್ತು ಊರಿನ ಮಕ್ಕಳ ಜೊತೆ ಫುಟ್‌ಬಾಲ್ ಆಡುತ್ತೇನೆ. ಕೋಚ್ ಅಂತೆಲ್ಲ ದೊಡ್ಡ ಹೆಸರು ಬೇಡ. ಪಂಪಿನಲ್ಲಿ ಗಾಳಿ ಹೊಡೆಯುವುದು, ಮುಳ್ಳುತಂತಿ ಬೇಲಿ ದಾಟಿ ಕಾಫಿ ಗಿಡಗಳ ಬುಡದಿಂದ ಚೆಂಡು ಹೆಕ್ಕಿ ತರುವುದು, ಜಗಳ ಬಿಡಿಸುವುದು ನನ್ನ ಕೆಲಸ. ಮಕ್ಕಳಲ್ಲಿ ಅರ್ಧಕ್ಕರ್ಧ ಜನ ಎಸ್ಟೇಟ್ ಲೈನ್ ಮನೆಗಳಿಂದ ಬರುವವರು. ಆಡುವುದು ಬರಿಗಾಲಲ್ಲಿ. ಶಾಲೆಯಲ್ಲಿ ಕೊಡುವ ಕಪ್ಪು ಶೂ ಹಾಕಿಕೊಂಡು ಆಡಿದರೆ ದೀಪಾವಳಿಗೆ ಮೊದಲೇ ಬಾಯಿ ಬಿಡುತ್ತದೆ, ಆಮೇಲೆ ಮನೆಯಲ್ಲಿ ಬೈಗುಳ. ಮಳೆಗಾಲದಲ್ಲಿ ಒಬ್ಬ ಅಪ್ಪನ ಗಂಬೂಟು ಹಾಕಿಕೊಂಡು ಬಂದಿದ್ದ. ಒದ್ದ ರಭಸಕ್ಕೆ ಚೆಂಡಿಗಿಂತ ಮುಂದೆ ಗಂಬೂಟೇ ಹೋಯಿತು!

ಕಳೆದ ವರ್ಷ ಒಂದು ಟೂರ್ನಿಗೆ ತಂಡ ಕಟ್ಟಿಕೊಂಡು ಹೋದೆವು. ಹೊಟ್ಟೆಬಟ್ಟೆ ಕಟ್ಟಿ ಜೆರ್ಸಿ ಹೊಂದಿಸಿದ್ದೆವು. ಮೈದಾನಕ್ಕೆ ಇಳಿಯುವ ಮುಂಚೆ ರೆಫರಿ ಕಾಲು ನೋಡಿದರು. ಬೂಟಿಲ್ಲದ ನಾಲ್ವರು ಹೊರಗೆ. ಅದರಲ್ಲಿ ನಮ್ಮ ತಂಡದ ಅತ್ಯುತ್ತಮ ಆಟಗಾರನೂ ಇದ್ದ, ಒಂಬತ್ತನೇ ಕ್ಲಾಸಿನವನು. ಚೆಂಡು ಅವನ ಕಾಲಿಗೆ ಸಿಕ್ಕರೆ ಬೆಕ್ಕಿಗೆ ಇಲಿ ಸಿಕ್ಕ ಹಾಗೆ, ಬಿಡಿಸಿಕೊಳ್ಳೋದು ಕಷ್ಟ. ಪಂದ್ಯ ಸೋತೆವು. ವಾಪಸ್ ಬರುವಾಗ ಜೀಪಿನಲ್ಲಿ ಅವನು ಕೇಳಿದ: ‘ಅಣ್ಣ, ಹಿಂದೆ ನಮ್ಮ ದೇಶದವರು ಬರಿಗಾಲಲ್ಲೇ ಆಡ್ತಿದ್ರಂತಲ್ಲ. ಅವರನ್ನ ಬಿಟ್ರು, ನನ್ನ ಯಾಕೆ ಬಿಡಲಿಲ್ಲ?’

ಈ ಪ್ರಶ್ನೆಯನ್ನು ಇಟ್ಟುಕೊಂಡು ನಾನು ಮೊದಲು ಹೋಗಿದ್ದು ದೊಡ್ಡಪ್ಪನ ಹತ್ತಿರ. ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾಗಿ ಊರಿಗೆ ಬಂದವರು. ಕಾರ್ಖಾನೆ ತಂಡದ ಒಂದು ಪಂದ್ಯವನ್ನೂ ಬಿಟ್ಟವರಲ್ಲ. ‘ದೊಡ್ಡಪ್ಪ, ಅಹ್ಮದ್ ಖಾನ್ ಹೆಸರು ಕೇಳಿದೀರಾ?’ ಅಂದೆ. ‘ಕೇಳಿದೀರಾ ಅಂತಾನೆ ನೋಡು! ಗ್ಯಾಲರಿಯಲ್ಲಿ ಪಕ್ಕದಲ್ಲಿ ಕೂತ ಮುದುಕರೆಲ್ಲ ಅವರದೇ ಮಾತು ಆಡ್ತಿದ್ರು. ನಮ್ಮ ಹುಡುಗರು ಎಷ್ಟು ಚೆನ್ನಾಗಿ ಆಡಿದ್ರೂ, ಅಹ್ಮದ್ ಆಟ ನೋಡಿದೀಯೇನಯ್ಯಾ ಅಂತ ಬಾಯಿ ಮುಚ್ಚಿಸೋರು’ ಎಂದರು. ಅಲ್ಲಿಂದ ನನ್ನ ಹುಡುಕಾಟ ಶುರುವಾಯಿತು.

ದಂಡು ಪ್ರದೇಶದ ಹುಡುಗ

ಅಹ್ಮದ್ ಖಾನ್ ಹುಟ್ಟಿದ್ದು 1926ರ ಡಿಸೆಂಬರ್ 24ರಂದು, ಬೆಂಗಳೂರಿನಲ್ಲಿ. ಫುಟ್‌ಬಾಲ್ ಆಡುವ ಕುಟುಂಬ. ಆಗಿನ ಬೆಂಗಳೂರಿನಲ್ಲಿ ದಂಡು ಪ್ರದೇಶ ಅಂದರೆ ಬ್ರಿಟಿಷ್ ಸೈನಿಕರ ವಸತಿ. ಸೈನಿಕರು ಸಂಜೆಯಾದರೆ ಮೈದಾನದಲ್ಲಿ ಫುಟ್‌ಬಾಲ್ ಆಡುತ್ತಿದ್ದರು. ಸುತ್ತಲಿನ ಬೀದಿಯ ಹುಡುಗರು ನೋಡಿ ಕಲಿತರು, ಆಮೇಲೆ ಅವರ ವಿರುದ್ಧವೇ ಆಡಿದರು. ಇವತ್ತಿಗೂ ಆಸ್ಟಿನ್ ಟೌನ್, ಗೌತಮಪುರದ ಕಡೆ ಕ್ರಿಕೆಟ್‌ಗಿಂತ ಫುಟ್‌ಬಾಲ್ ಹುಚ್ಚು ಜಾಸ್ತಿ ಇರುವುದಕ್ಕೆ ಬೇರು ಅಲ್ಲೇ ಇದೆ.

ಅಹ್ಮದ್‌ಗೆ ಹತ್ತು ವರ್ಷ ಆಗಿದ್ದಾಗ, 1937ರಲ್ಲಿ, ಬೆಂಗಳೂರು ಮುಸ್ಲಿಮ್ಸ್ ಎಂಬ ತಂಡ ಬಾಂಬೆಯ ರೋವರ್ಸ್ ಕಪ್ ಗೆದ್ದಿತು. ಅಲ್ಲಿಯವರೆಗೆ ಆ ಕಪ್ ಬ್ರಿಟಿಷ್ ಪಲ್ಟನ್‌ಗಳ ಮನೆ ಆಸ್ತಿಯ ಹಾಗಿತ್ತು. ಅದನ್ನು ಗೆದ್ದ ಮೊದಲ ಭಾರತೀಯ ತಂಡ ನಮ್ಮ ಬೆಂಗಳೂರಿನದು. ಮರುವರ್ಷ ಮತ್ತೆ ಅವರೇ ಗೆದ್ದರು. ಹತ್ತು ವರ್ಷದ ಹುಡುಗನಿಗೆ ಇದಕ್ಕಿಂತ ದೊಡ್ಡ ಪಾಠ ಬೇಕೇ? ಗೆಲ್ಲುವವರು ಎಲ್ಲೋ ದೂರದಲ್ಲಿ ಇಲ್ಲ, ನಮ್ಮ ಬೀದಿಯಲ್ಲೇ ಇದ್ದಾರೆ. ಮುಂದೆ ಅಹ್ಮದ್ ಅದೇ ಬೆಂಗಳೂರು ಮುಸ್ಲಿಮ್ಸ್ ತಂಡದ ಜೆರ್ಸಿ ತೊಟ್ಟರು. 1946–47ರಲ್ಲಿ ಮೈಸೂರು ತಂಡ ಬಲಿಷ್ಠ ಬಂಗಾಳವನ್ನು ಮಣಿಸಿ ಮೊದಲ ಬಾರಿಗೆ ಸಂತೋಷ್ ಟ್ರೋಫಿ ಗೆದ್ದಿತು. ಆ ಕಾಲದ ಮೈಸೂರು ಆಟಗಾರರು ದೇಶದ ತಂಡಕ್ಕೆ ಸಾಲು ಹಿಡಿದು ಹೋದರು.

ಲಂಡನ್‌ನಲ್ಲಿ ಒಂದು ನಿಮಿಷ

1948ರ ಜುಲೈ 31. ಲಂಡನ್‌ನ ಇಲ್ಫರ್ಡ್ ಎಂಬಲ್ಲಿ ಭಾರತ ಮತ್ತು ಫ್ರಾನ್ಸ್ ಪಂದ್ಯ. ಸ್ವಾತಂತ್ರ್ಯ ಬಂದು ಇನ್ನೂ ಒಂದು ವರ್ಷ ತುಂಬಿರಲಿಲ್ಲ. ನಾಗಾ ಬೆಟ್ಟದ ತಾಲಿಮೆರೆನ್ ಆವೊ ನಾಯಕ, ಆಮೇಲೆ ಡಾಕ್ಟರ್ ಆಗಿ ಊರಿಗೆ ಮರಳಿದವರು. 21 ವರ್ಷದ ಅಹ್ಮದ್ ಖಾನ್ ಮುಂಪಡೆಯಲ್ಲಿ. ನಮ್ಮ ಆಟಗಾರರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಇಳಿದಿದ್ದನ್ನು ನೋಡಿ ಅಲ್ಲಿನ ಜನ ಬೆರಗಾದರು.

ಫ್ರಾನ್ಸ್ ಮೊದಲು ಗೋಲು ಹೊಡೆಯಿತು. 70ನೇ ನಿಮಿಷದಲ್ಲಿ ರಾಮನ್ ಸಮ ಮಾಡಿದರು. ಭಾರತಕ್ಕೆ ಎರಡು ಪೆನಾಲ್ಟಿ ಸಿಕ್ಕಿದವು, ಎರಡೂ ಗೋಲಾಗಲಿಲ್ಲ. ಪಂದ್ಯ ಮುಗಿಯಲು ಒಂದು ನಿಮಿಷ ಇದ್ದಾಗ ಫ್ರಾನ್ಸ್ ಇನ್ನೊಂದು ಗೋಲು ಹೊಡೆದು 2–1ರಲ್ಲಿ ಗೆದ್ದಿತು. ಸೋತರೂ ನಮ್ಮವರಿಗೆ ಚಪ್ಪಾಳೆ ಬಿತ್ತು. ‘ಬೂಟಿಲ್ಲದೆ ಏಕೆ ಆಡುತ್ತೀರಿ?’ ಎಂದು ಕೇಳಿದವರಿಗೆ ಆವೊ, ‘ನಾವು ಆಡೋದು ಫುಟ್‌ಬಾಲ್, ನೀವು ಆಡೋದು ಬೂಟ್‌ಬಾಲ್’ ಎಂದು ಉತ್ತರಿಸಿದರಂತೆ. ಈ ಮಾತು ಇವತ್ತಿಗೂ ಫುಟ್‌ಬಾಲ್ ಪ್ರಿಯರ ಬಾಯಲ್ಲಿದೆ.

ಮರುವರ್ಷ ಅಹ್ಮದ್ ಕಲ್ಕತ್ತಾಗೆ ಹೋದರು, ಈಸ್ಟ್ ಬೆಂಗಾಲ್ ಕ್ಲಬ್‌ಗೆ. ಅಲ್ಲಿ ಅಪ್ಪಾರಾವ್, ಸಾಲೆ, ಧನರಾಜ್, ವೆಂಕಟೇಶ್ ಜೊತೆಗೆ ಸೇರಿ ಐದು ಜನರ ಮುಂಪಡೆ ತಯಾರಾಯಿತು. ಐವರೂ ದಕ್ಷಿಣದವರು. ಕಲ್ಕತ್ತಾ ಜನ ಅವರಿಗೆ ಇಟ್ಟ ಹೆಸರು ‘ಪಂಚಪಾಂಡವರು’. 1949, 1950, 1951 ಸತತ ಮೂರು ವರ್ಷ ಐಎಫ್‌ಎ ಶೀಲ್ಡ್, 1951 ಮತ್ತು 1952ರಲ್ಲಿ ಡ್ಯುರಾಂಡ್ ಕಪ್ ಈಸ್ಟ್ ಬೆಂಗಾಲ್ ಮಡಿಲಿಗೆ ಬಿದ್ದವು. ಎದುರಾಳಿಯ ಕಾಲುಗಳ ನಡುವೆ ಚೆಂಡನ್ನು ಆಡಿಸುತ್ತಾ ನುಸುಳುವ ಅಹ್ಮದ್‌ಗೆ ‘ಹಾವಾಡಿಗ’ ಎಂಬ ಅಡ್ಡಹೆಸರು ಬಂತು. ಬಂಗಾಳಿಗಳು ತಮ್ಮ ಮನೆಯ ಮಗನ ಹಾಗೆ ನೋಡಿಕೊಂಡರು. ಇಲ್ಲಿ ನಾವು ಹೆಸರೇ ಮರೆತೆವು.

ಬರಿಗಾಲು ಬಡತನವೇ?

ಇಲ್ಲಿಗೆ ಬಂದಾಗ ನನಗೂ ಆ ಹುಡುಗನ ಪ್ರಶ್ನೆಯೇ ಎದುರಾಯಿತು. ಇಷ್ಟು ದೊಡ್ಡ ಆಟಗಾರರು ಬೂಟು ಹಾಕಲಿಲ್ಲ ಯಾಕೆ? ದುಡ್ಡಿರಲಿಲ್ಲ ಎಂದು ಕೆಲವರು ಮರುಗುತ್ತಾರೆ. ನಮ್ಮ ಕಾಲೇ ಸಾಕು ಎಂಬ ಸ್ವಾಭಿಮಾನ ಎಂದು ಕೆಲವರು ಎದೆ ತಟ್ಟಿಕೊಳ್ಳುತ್ತಾರೆ. ಓದುತ್ತಾ ಹೋದಂತೆ ಎರಡೂ ಪೂರ್ತಿ ನಿಜವಲ್ಲ ಅನ್ನಿಸಿತು.

ಆಗಿನ ಬೂಟು ಈಗಿನಂತೆ ಹಗುರವಲ್ಲ. ದಪ್ಪ ಚರ್ಮ, ಪಾದದ ಗಂಟು ಮುಚ್ಚುವಷ್ಟು ಎತ್ತರ, ಅಡಿಯಲ್ಲಿ ಮೊಳೆ ಹೊಡೆದು ಕೂರಿಸಿದ ಗುಬಟು. ಚಿಕ್ಕಂದಿನಿಂದ ಒಣ, ಗಟ್ಟಿ ನೆಲದಲ್ಲಿ ಬರಿಗಾಲಲ್ಲಿ ಆಡಿದವರಿಗೆ ಅದು ಕಾಲಿಗೆ ಕಟ್ಟಿದ ಕಲ್ಲು. ಚೆಂಡಿನ ಮೇಲಿನ ಹಿಡಿತವೆಲ್ಲ ಬೆರಳುಗಳಲ್ಲೇ ಇತ್ತು. ಹಾಗಾಗಿ ಅಹ್ಮದ್ ಥರದವರಿಗೆ ಬರಿಗಾಲು ಒಂದು ಹತಾರ. 1911ರಲ್ಲಿ ಮೋಹನ್ ಬಾಗಾನ್ ತಂಡ ಬ್ರಿಟಿಷ್ ಪಲ್ಟನ್ ಸೋಲಿಸಿ ಐಎಫ್‌ಎ ಶೀಲ್ಡ್ ಗೆದ್ದಾಗಲೂ ಹನ್ನೊಂದರಲ್ಲಿ ಹತ್ತು ಜನ ಬರಿಗಾಲಿನವರೇ.

ಆದರೆ ಈ ಹತಾರಕ್ಕೆ ಒಂದು ಶತ್ರು ಇತ್ತು, ಮಳೆ. ಕಲ್ಕತ್ತಾದ ಲೀಗ್ ನಡೆಯುವುದೇ ಮಳೆಗಾಲದಲ್ಲಿ. ಕೆಸರಿನಲ್ಲಿ ಬರಿಗಾಲು ಜಾರುತ್ತದೆ, ಬೂಟು ಕಚ್ಚಿ ಹಿಡಿಯುತ್ತದೆ. ಇದನ್ನು ಮೊದಲು ಸರಿಯಾಗಿ ಅರ್ಥ ಮಾಡಿಕೊಂಡದ್ದು ಮಹಮ್ಮದನ್ ಸ್ಪೋರ್ಟಿಂಗ್. ಒದ್ದೆ ನೆಲದಲ್ಲಿ ಹಗುರವಾದ ಬೂಟು ಹಾಕಿಸಿ ಆಡಿಸಿದರು. 1934ರಿಂದ 1938ರವರೆಗೆ ಸತತ ಐದು ಬಾರಿ ಲೀಗ್ ಗೆದ್ದರು. ಅಂದರೆ ಅಹ್ಮದ್ ಲಂಡನ್‌ಗೆ ಹೋಗುವ ಹತ್ತು ವರ್ಷ ಮೊದಲೇ ಪಾಠ ನಮ್ಮ ಕಣ್ಣ ಮುಂದೆ ಇತ್ತು.

ಇನ್ನೊಂದು ಕಥೆ ನೀವೂ ಕೇಳಿರುತ್ತೀರಿ. 1950ರ ಬ್ರೆಜಿಲ್ ವಿಶ್ವಕಪ್‌ಗೆ ಭಾರತ ಹೋಗದಿದ್ದದ್ದು ಬರಿಗಾಲಲ್ಲಿ ಆಡಲು ಬಿಡಲಿಲ್ಲ ಎಂಬ ಕಾರಣಕ್ಕೆ ಅಂತ. ವಾಟ್ಸ್‌ಆ್ಯಪ್‌ನಲ್ಲಿ ನಾಲ್ಕು ವರ್ಷಕ್ಕೊಮ್ಮೆ ತಪ್ಪದೆ ಬರುತ್ತದೆ. ಆದರೆ ಭಾರತೀಯ ಫುಟ್‌ಬಾಲ್ ಫೆಡರೇಷನ್ ಆಗ ಕೊಟ್ಟ ಕಾರಣ ಬೇರೆ: ತಂಡದ ಆಯ್ಕೆಯಲ್ಲಿ ಭಿನ್ನಾಭಿಪ್ರಾಯ, ಅಭ್ಯಾಸಕ್ಕೆ ಸಮಯದ ಕೊರತೆ. ಆಗಿನವರಿಗೆ ವಿಶ್ವಕಪ್‌ಗಿಂತ ಒಲಿಂಪಿಕ್ಸೇ ದೊಡ್ಡದಾಗಿ ಕಂಡಿತ್ತು ಎಂಬುದೂ ನಿಜ. 23 ವರ್ಷದ ಅಹ್ಮದ್ ಆಡಬಹುದಾಗಿದ್ದ ವಿಶ್ವಕಪ್ ತಪ್ಪಿದ್ದಕ್ಕೆ ಕಾರಣ ಅವರ ಕಾಲಲ್ಲ, ದೊಡ್ಡವರ ತೀರ್ಮಾನ.

ಹತ್ತು ಗೋಲಿಗೆ ಒಂದು

1951ರಲ್ಲಿ ದೆಹಲಿಯಲ್ಲಿ ಮೊದಲ ಏಷ್ಯನ್ ಗೇಮ್ಸ್. ಫೈನಲ್‌ನಲ್ಲಿ ಇರಾನ್ ಎದುರು ಮೇವಾಲಾಲ್ ಹೊಡೆದ ಒಂದೇ ಗೋಲಿನಿಂದ ಭಾರತ ಚಿನ್ನ ಗೆದ್ದಿತು. ಚಿನ್ನ ಗೆದ್ದ ಆ ತಂಡದಲ್ಲಿ ಅಹ್ಮದ್ ಖಾನ್ ಇದ್ದರು. ಊರಿನ ನೆಲ, ಊರಿನ ಬಿಸಿಲು.

ಮರುವರ್ಷ ಹೆಲ್ಸಿಂಕಿ. 1952ರ ಜುಲೈ 15ರಂದು ಎದುರಾಳಿ ಯುಗೋಸ್ಲಾವಿಯಾ, ಆ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ ತಂಡ. ಚಳಿ, ಒದ್ದೆ ಹುಲ್ಲು. ನಮ್ಮವರಲ್ಲಿ ಹಲವರು ಬರಿಗಾಲಲ್ಲಿ. ಫಲಿತಾಂಶ 10–1. ಹತ್ತು ಗೋಲು ಬಿದ್ದ ಮೇಲೆ, ಪಂದ್ಯ ಇನ್ನೇನು ಮುಗಿಯಿತು ಎನ್ನುವಾಗ, 89ನೇ ನಿಮಿಷದಲ್ಲಿ ಅಹ್ಮದ್ ಖಾನ್ ಒಂದು ಗೋಲು ಹೊಡೆದರು. ನೀವು ಅಜಯ್ ದೇವಗನ್ ಅವರ ‘ಮೈದಾನ್’ ಸಿನಿಮಾ ನೋಡಿದ್ದರೆ ನೆನಪಿರಬಹುದು, ಕೋಚ್ ರಹೀಮ್ ಸಾಹೇಬರ ಆ ಕಥೆ ಶುರುವಾಗುವುದೇ ಈ ಸೋಲಿನಿಂದ.

ಆ ಒಂದು ಗೋಲನ್ನು ನಾನು ಬಹಳ ಸಲ ಯೋಚಿಸಿದ್ದೇನೆ. ಹತ್ತು ಗೋಲು ತಿಂದ ತಂಡದಲ್ಲಿ 89ನೇ ನಿಮಿಷದಲ್ಲಿ ಯಾರಾದರೂ ಮನಸ್ಸಿಟ್ಟು ಓಡುತ್ತಾರಾ? ಅಹ್ಮದ್ ಓಡಿದರು. ಅವರಲ್ಲಿ ಕಸುಬಿಗೆ ಕೊರತೆ ಇರಲಿಲ್ಲ, ಛಲಕ್ಕೂ ಇರಲಿಲ್ಲ. ಕೊರತೆ ಇದ್ದದ್ದು ಅವರನ್ನು ಕಳುಹಿಸಿದವರ ತಯಾರಿಯಲ್ಲಿ. ಅಲ್ಲಿನ ನೆಲ ಹೇಗಿರುತ್ತದೆ, ಬೂಟಿನಲ್ಲಿ ಆಡುವುದನ್ನು ಮೊದಲೇ ಅಭ್ಯಾಸ ಮಾಡಿಸಬೇಕು ಎಂದು ಯೋಚಿಸುವುದು ಆಟಗಾರನೊಬ್ಬನ ಕೆಲಸವಲ್ಲ.

ಹೆಲ್ಸಿಂಕಿ ಆದ ಮೇಲೆ ಫೆಡರೇಷನ್ ಬೂಟು ಕಡ್ಡಾಯ ಮಾಡಿತು. ನಾಲ್ಕೇ ವರ್ಷ. 1956ರಲ್ಲಿ ಮೆಲ್ಬರ್ನ್ ಒಲಿಂಪಿಕ್ಸ್‌ಗೆ ರಹೀಮ್ ಕರೆದೊಯ್ದ ತಂಡ ಆತಿಥೇಯ ಆಸ್ಟ್ರೇಲಿಯಾವನ್ನು ಅವರ ನೆಲದಲ್ಲೇ 4–2ರಿಂದ ಸೋಲಿಸಿತು. ನೆವಿಲ್ ಡಿಸೋಜಾ ಹ್ಯಾಟ್ರಿಕ್ ಹೊಡೆದರು. ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಸೆಮಿಫೈನಲ್ ತಲುಪಿದ ಮೊದಲ ಏಷ್ಯಾ ತಂಡ ಭಾರತ. ಕೊನೆಗೆ ಸಿಕ್ಕಿದ್ದು ನಾಲ್ಕನೇ ಸ್ಥಾನ. ಆ ತಂಡದಲ್ಲಿ ನಮ್ಮ ಕೆಂಪಯ್ಯ ಇದ್ದರು. ಬೂಟು ಬಂದ ಮಾತ್ರಕ್ಕೆ ಗೆದ್ದರು ಎನ್ನುತ್ತಿಲ್ಲ. ರಹೀಮ್ ಅವರ ತರಬೇತಿ, ಹೊಸ ಹುಡುಗರು ಎಲ್ಲ ಸೇರಿತ್ತು. ಆದರೆ ಬೂಟು ಬಂದರೆ ನಮ್ಮ ಆಟದ ಸೊಗಸು ಹೋಗುತ್ತದೆ ಎಂದವರ ಬಾಯಿ ಮುಚ್ಚಿತು.

ಅಹ್ಮದ್ ಆ ತಂಡದಲ್ಲಿ ಇರಲಿಲ್ಲ. ಕ್ಲಬ್ ಆಟ ಮಾತ್ರ ಮುಂದುವರಿಸಿದರು. ಬೂಟು ಕಡ್ಡಾಯವಾದ ಮೇಲೂ 1959ರವರೆಗೆ ಈಸ್ಟ್ ಬೆಂಗಾಲ್‌ನಲ್ಲೇ ಇದ್ದರು. ಬರಿಗಾಲಿಗೆ ಹೆಸರಾದವರು ಮೂವತ್ತರ ಆಸುಪಾಸಿನಲ್ಲಿ ಹೊಸದಾಗಿ ಬೂಟಿಗೆ ಕಾಲು ಹೊಂದಿಸಿಕೊಂಡು ಮೇಲ್ಮಟ್ಟದಲ್ಲಿ ಆಡುವುದು ಹುಡುಗಾಟವಲ್ಲ. ನನಗೆ ಅವರ ಬದುಕಿನಲ್ಲಿ ತುಂಬ ಹಿಡಿಸಿದ್ದು ಇದೇ. ದೇಶದಲ್ಲಿ ಅರ್ಜುನ ಪ್ರಶಸ್ತಿ ಶುರುವಾಗಿದ್ದು 1961ರಲ್ಲಿ, ಅಷ್ಟರಲ್ಲಿ ಅವರ ಈಸ್ಟ್ ಬೆಂಗಾಲ್ ದಿನಗಳು ಮುಗಿದಿದ್ದವು. 2017ರ ಆಗಸ್ಟ್ 27ರಂದು, 90ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಆಗ ನಾನು ಹೈಸ್ಕೂಲಿನಲ್ಲಿದ್ದೆ. ಫುಟ್‌ಬಾಲ್ ಆಡುತ್ತಿದ್ದ ನಮಗೆ ಮೆಸ್ಸಿಯ ಹುಟ್ಟಿದ ದಿನ ಗೊತ್ತಿತ್ತು, ಈ ಸುದ್ದಿ ಗೊತ್ತಾಗಲಿಲ್ಲ.

ನಮ್ಮ ನೆಲವೂ ಹೆಲ್ಸಿಂಕಿಯೇ

ಈಗ ಆ ಹುಡುಗನ ಪ್ರಶ್ನೆಗೆ ಉತ್ತರ. ಅವನನ್ನು ಹೊರಗೆ ನಿಲ್ಲಿಸಿದ ನಿಯಮ ಸರಿಯಾದದ್ದೇ. ಆಟದ ನಿಯಮಾವಳಿಯಲ್ಲಿ ಜೆರ್ಸಿ, ಚಡ್ಡಿ, ಕಾಲುಚೀಲ, ಮೊಣಕಾಲಿನ ಕೆಳಗೆ ಕಟ್ಟುವ ಗಾರ್ಡ್ ಮತ್ತು ಪಾದರಕ್ಷೆ ಕಡ್ಡಾಯ. ಎದುರಿನವನ ಕಾಲಲ್ಲಿ ಗುಬಟಿನ ಬೂಟು ಇದ್ದಾಗ ಬರಿಗಾಲಿನ ಹುಡುಗನನ್ನು ಇಳಿಸುವುದು ಅಪಾಯ. ಅದರ ಮೇಲೆ ನಮ್ಮದು ಮಲೆನಾಡು. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಮಕ್ಕಳು ಆಡುವ ನೆಲ ಒದ್ದೆ, ಜಾರು, ಇಂಬಳದ ಕಾಟ ಬೇರೆ. ಬೆಂಗಳೂರಿನ ಒಣ ಮೈದಾನಕ್ಕೆ ಹೋಲಿಸಿದರೆ ನಮ್ಮ ನೆಲ ಹೆಲ್ಸಿಂಕಿಗೇ ಹತ್ತಿರ. ‘ಅಹ್ಮದ್ ಖಾನ್ ಬರಿಗಾಲಲ್ಲಿ ಆಡಲಿಲ್ಲವೇ?’ ಎಂದು ಹೇಳಿ ಹುಡುಗರನ್ನು ಹುರಿದುಂಬಿಸುವುದು ಸುಲಭ. ಆದರೆ ಅದು ಅಹ್ಮದ್ ಅವರ ಬದುಕಿನ ಅರ್ಧ ಕಥೆ ಮಾತ್ರ.

ನನಗೆ ಸಿಟ್ಟು ಬರುವುದು ಬೇರೆ ವಿಷಯಕ್ಕೆ. ಟೂರ್ನಿಯ ಪಾಂಪ್ಲೆಟ್‌ನಲ್ಲಿ ಪ್ರವೇಶ ಶುಲ್ಕ ಎಷ್ಟು, ಟ್ರೋಫಿ ಎಷ್ಟು ಎತ್ತರ, ಮುಖ್ಯ ಅತಿಥಿ ಯಾರು ಎಲ್ಲ ಇತ್ತು. ಬೂಟು ಇಲ್ಲದಿದ್ದರೆ ಆಡಿಸುವುದಿಲ್ಲ ಎಂಬ ಒಂದು ಸಾಲು ಇರಲಿಲ್ಲ. ಕೂಲಿ ಮಾಡುವ ಮನೆಯಲ್ಲಿ ಕಡಿಮೆ ಎಂದರೂ ಏಳೆಂಟುನೂರು ರೂಪಾಯಿಯ ಬೂಟು ಅಂದರೆ ಅಪ್ಪನೋ ಅಮ್ಮನೋ ಒಂದು ದಿನ ದುಡಿದದ್ದನ್ನು ಮೀರಿದ ಖರ್ಚು. ಬೆಳೆಯುವ ಮಕ್ಕಳ ಕಾಲಿಗೆ ಅದು ಒಂದು ವರ್ಷವೂ ಬರುವುದಿಲ್ಲ. ನಿಯಮ ಮಾಡಿದ ಮೇಲೆ ಅದಕ್ಕೆ ಮಕ್ಕಳನ್ನು ತಯಾರು ಮಾಡುವುದು ದೊಡ್ಡವರ ಜವಾಬ್ದಾರಿ. 1952ರಲ್ಲಿ ದೇಶ ಕಲಿತ ಪಾಠ ಇದು. ನಮ್ಮ ತಾಲ್ಲೂಕುಗಳಿಗೆ ಇನ್ನೂ ತಲುಪಿಲ್ಲ.

ಹಾಗಂತ ಸರ್ಕಾರ ಮಾಡಲಿ ಎಂದು ಕೈಕಟ್ಟಿ ಕೂತಿಲ್ಲ. ಬೆಂಗಳೂರು, ಹಾಸನ, ಮಂಗಳೂರಿನಲ್ಲಿ ಓದುತ್ತಿರುವ ನಮ್ಮೂರಿನ ಗೆಳೆಯರಿಗೆಲ್ಲ ಒಂದು ಮೆಸೇಜ್ ಹಾಕಿದೆವು: ಕಾಲಿಗೆ ಚಿಕ್ಕದಾದ, ಹಾಸ್ಟೆಲ್ ಮಂಚದ ಕೆಳಗೆ ಬಿದ್ದಿರುವ ಬೂಟು ಇದ್ದರೆ ಕೊಡಿ. ನಾಲ್ಕು ತಿಂಗಳಲ್ಲಿ ಹದಿನಾಲ್ಕು ಜೋಡಿ ಸೇರಿದವು. ಎಂಟು ಹೊಲಿಗೆ ಬಿಟ್ಟಿದ್ದವು, ಮೂಡಿಗೆರೆಯಲ್ಲಿ ಚಪ್ಪಲಿ ಹೊಲಿಯುವವರ ಹತ್ತಿರ ಕೊಟ್ಟು ಸರಿ ಮಾಡಿಸಿದೆವು. ಕಾಫಿ ತುಂಬುವ ಗೋಣಿಚೀಲದಲ್ಲಿ ಹಾಕಿ ಇಡುತ್ತೇವೆ. ಇವು ಯಾರ ಸ್ವಂತದ್ದೂ ಅಲ್ಲ. ಆಡಲು ಬಂದವರು ತಮ್ಮ ಅಳತೆಯದು ತೆಗೆದುಕೊಳ್ಳಬೇಕು, ಆಟ ಮುಗಿದ ಮೇಲೆ ಮಣ್ಣು ಒರೆಸಿ, ಒಳಗೆ ಹಳೆ ಪೇಪರ್ ತುರುಕಿ ವಾಪಸ್ ಹಾಕಬೇಕು. ಮಳೆಗಾಲದಲ್ಲಿ ಒಣಗಿಸುವುದೇ ದೊಡ್ಡ ಸಾಹಸ. ಬಚ್ಚಲ ಒಲೆಗೆ ಹತ್ತಿರ ಇಟ್ಟರೆ ಅಂಟು ಬಿಡುತ್ತದೆ, ದೂರ ಇಟ್ಟರೆ ಬೂಷ್ಟು ಬರುತ್ತದೆ.

ಮೊದಲ ವಾರ ಹುಡುಗರು ಬಾತುಕೋಳಿಗಳ ಹಾಗೆ ನಡೆದರು. ‘ಅಣ್ಣ, ಚೆಂಡು ಎಲ್ಲಿದೆ ಅಂತ ಕಾಲಿಗೆ ಗೊತ್ತಾಗ್ತಿಲ್ಲ’ ಎಂದು ಗೊಣಗಿದರು. ಅಹ್ಮದ್ ಖಾನ್‌ಗೂ ಹೀಗೇ ಆಗಿರಬೇಕು ಎಂದು ಹೇಳಿದೆ. ಅವರು ಯಾರು ಎಂದು ಕೇಳಿದರು. ಅವತ್ತು ಅರ್ಧ ಗಂಟೆ ಆಟ ನಿಲ್ಲಿಸಿ ಇದೇ ಕಥೆ ಹೇಳಿದೆ.

2023ರಲ್ಲಿ ಕರ್ನಾಟಕ 54 ವರ್ಷಗಳ ನಂತರ ಮತ್ತೆ ಸಂತೋಷ್ ಟ್ರೋಫಿ ಗೆದ್ದಾಗ ನಾವೆಲ್ಲ ಸ್ಟೇಟಸ್ ಹಾಕಿದ್ದೆವು. ಮುಂದಿನ ಬಾರಿ ಗೆಲ್ಲುವ ತಂಡದಲ್ಲಿ ಕಾಫಿ ಸೀಮೆಯ ಹುಡುಗನೂ ಇರಬೇಕು ಎಂದರೆ ಸ್ಟೇಟಸ್ ಸಾಲದು. ನಿಮ್ಮ ಮನೆಯ ಅಟ್ಟದಲ್ಲಿ, ಮಂಚದ ಕೆಳಗೆ ಒಮ್ಮೆ ನೋಡಿ. ನಮ್ಮ ಚೀಲದಲ್ಲಿ ಐದು ಮತ್ತು ಆರನೇ ನಂಬರಿನ ಬೂಟು ಕಡಿಮೆ ಇವೆ. ನಿಮ್ಮೂರಿನಲ್ಲೂ ಇಂಥದ್ದೊಂದು ಚೀಲ ಶುರುವಾದರೆ ಇನ್ನೂ ಖುಷಿ.